ಬೆಸ್‌ಬ್ರುಕ್: ಲಿನನ್ ಗಿರಣಿಯೊಂದು ಹೆತ್ತ ಊರು

ಉತ್ತರ ಐರ್ಲೆಂಡಿನ ಅರ್ಮಾ ಜಿಲ್ಲೆಯಲ್ಲಿ, ನ್ಯೂರಿ ಪಟ್ಟಣದಿಂದ ಸುಮಾರು 5 ಕಿ.ಮೀ. ದೂರದಲ್ಲಿ ಬೆಸ್‌ಬ್ರುಕ್ ಎಂಬ ಊರಿದೆ. ಮನೆ, ಶಾಲೆ, ಸಭಾಭವನ, ಗಿರಣಿ ಎಲ್ಲವೂ ಆಸುಪಾಸಿನ ಗುಡ್ಡಗಳ ಬೂದು ಬಣ್ಣದ ಗ್ರಾನೈಟ್ ಕಲ್ಲಿನವು. ಜಾನ್ ಗ್ರಬ್ ರಿಚರ್ಡ್‌ಸನ್ ಎಂಬ ಕ್ವೇಕರ್ (ಯುದ್ಧವನ್ನು ಒಪ್ಪದ ಒಂದು ಕ್ರೈಸ್ತ ಪಂಗಡದ) ಉದ್ಯಮಿ 1845ರಲ್ಲಿ ಈ ಜಾಗ ಕೊಂಡು ಗಿರಣಿ ಹಾಕಿದ, ಗಿರಣಿಗೆ ಬೇಕಾದ ಜನರಿಗಾಗಿ ಊರು ಕಟ್ಟಿದ. 1972ರಲ್ಲಿ ಗಿರಣಿಗೆ ಬೀಗ ಬಿತ್ತು. ನಡುವಿನ 127 ವರ್ಷಗಳಲ್ಲಿ ಊರಿನ ಯಾವ ಭಾಗ ಗಿರಣಿಯ ಯಾವ ಅಗತ್ಯಕ್ಕಾಗಿ ಹುಟ್ಟಿತು, ಆ ಅಗತ್ಯ ತೀರಿದಾಗ ಅದರ ಗತಿ ಏನಾಯಿತು ಎಂಬುದನ್ನು ಈ ಅಧ್ಯಯನ ನೋಡುತ್ತದೆ. ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ: ಊರು ಚೆನ್ನಾಗಿ ನಡೆದದ್ದಕ್ಕೂ ಅದು ಗಟ್ಟಿಯಾಗಿ ನಿಲ್ಲದೆ ಹೋದದ್ದಕ್ಕೂ ಕಾರಣ ಒಂದೇ. ನೀರು, ನೆಲ, ಮನೆ, ಕೆಲಸ ನಾಲ್ಕೂ ಒಂದೇ ಕೈಯಲ್ಲಿದ್ದವು.

ಈ ಕಣಿವೆಯೇ ಏಕೆ

ರಿಚರ್ಡ್‌ಸನ್ ಬರುವ ಮೊದಲೂ ಇಲ್ಲಿ ಲಿನನ್, ಅಂದರೆ ಅಗಸೆ ನಾರಿನ ಬಟ್ಟೆಯ ಕೆಲಸವಿತ್ತು. 18ನೇ ಶತಮಾನದಲ್ಲಿ ಪೊಲಾಕ್ ಮನೆತನ ಇಲ್ಲಿ ಲಿನನ್ ವ್ಯವಹಾರ ನಡೆಸಿತ್ತು; ಆ ಮನೆಯ ಎಲಿಜಬೆತ್ ಎಂಬಾಕೆಯ ಅಡ್ಡಹೆಸರು ಬೆಸ್, ಊರಿಗೆ ಅಂಟಿದ್ದು ಅದೇ. ಆಮೇಲೆ ನಿಕಲ್ಸನ್ ಮನೆತನ ಇಲ್ಲಿ ನೂಲಿನ ಗಿರಣಿ ನಡೆಸಿತು. 1839ರಲ್ಲಿ ಅದು ಬೆಂಕಿಗೆ ಸಿಕ್ಕಿ ಹಾಳಾಯಿತು. ಆ ಕಾಲದ ನಾರಿನ ಗಿರಣಿಗಳಿಗೆ ಬೆಂಕಿ ಸದಾ ಕಾದುಕೊಂಡಿರುತ್ತಿದ್ದ ಅಪಾಯ: ಮರದ ಅಟ್ಟ, ಎಣ್ಣೆ ಕುಡಿದ ನೆಲ, ಗಾಳಿಯಲ್ಲಿ ತೇಲುವ ಒಣ ನಾರಿನ ದೂಳು, ನಡುವೆ ಎಣ್ಣೆ ದೀಪ.

ರಿಚರ್ಡ್‌ಸನ್ ಮನೆತನ ಮೂಲತಃ ಲಿಸ್ಬರ್ನ್ ಕಡೆಯದು. ಬೆಲ್‌ಫಾಸ್ಟಿನಲ್ಲಿ ಅವರಿಗೆ ದೊಡ್ಡ ಲಿನನ್ ವ್ಯಾಪಾರವಿತ್ತು. ಗಿರಣಿಯನ್ನು ಬೆಲ್‌ಫಾಸ್ಟಿನಲ್ಲೇ ಹಾಕುವುದು ಲೆಕ್ಕದ ಪ್ರಕಾರ ಸುಲಭವಿತ್ತು. ಆದರೆ ಪಟ್ಟಣದ ಕೊಳೆಗೇರಿಯಲ್ಲಿ ಬೆಳೆಯುವ ಕಾರ್ಮಿಕ ಜನಸಮೂಹದ ಹೊಣೆ ಹೊರಲು ಜಾನ್ ಗ್ರಬ್‌ಗೆ ಮನಸ್ಸಿರಲಿಲ್ಲ. ಹಳ್ಳಿಯೇ ಬೇಕು, ಹಳ್ಳಿಯಲ್ಲಿ ನೀರಿನ ಬಲವಿರಬೇಕು, ಸುತ್ತ ಅಗಸೆ ಬೆಳೆಯುವ ರೈತರಿರಬೇಕು. ಬೆಸ್‌ಬ್ರುಕ್‌ನಲ್ಲಿ ಇವೆಲ್ಲ ಇದ್ದವು. ಕ್ಯಾಮ್ಲಾಕ್ ಸರೋವರದಿಂದ ಹೊರಡುವ ಹೊಳೆ ನ್ಯೂರಿಯ ಕಡೆಗೆ ಕೆಲವೇ ಮೈಲಿಗಳಲ್ಲಿ ಗಣನೀಯವಾಗಿ ಇಳಿಯುತ್ತದೆ. ಸರೋವರವೇ ಮೇಲಿನ ಜಲಾಶಯ. ಬೇಸಿಗೆಯಲ್ಲಿ ಹೊಳೆ ಬಡಕಲಾದರೆ ಗಿರಣಿ ನಿಲ್ಲುವ ಭಯ ಬೇರೆ ಕಡೆ ಇದ್ದಷ್ಟು ಇಲ್ಲಿ ಇರಲಿಲ್ಲ. ನ್ಯೂರಿಗೆ 1742ರಷ್ಟು ಹಿಂದೆಯೇ ಒಳನಾಡಿನಿಂದ ಕಾಲುವೆ ಬಂದಿತ್ತು, ಬಂದರೂ ಇತ್ತು. ಕಲ್ಲಿದ್ದಲು, ಬಿತ್ತನೆ ಬೀಜ, ಹೊರನಾಡಿನ ನಾರು ಬರಲು ಅದೇ ದಾರಿ.

ಇನ್ನೊಂದು ಸಂಗತಿಯನ್ನು ಇಲ್ಲಿ ಸೇರಿಸಲೇಬೇಕು. 1845ರ ಶರತ್ಕಾಲದಲ್ಲೇ ಐರ್ಲೆಂಡಿಗೆ ಆಲೂಗಡ್ಡೆಯ ಅಂಗಮಾರಿ ರೋಗ ಬಂತು. ಹಸಿವಿನ ವರ್ಷಗಳು ಮತ್ತು ಗಿರಣಿಯ ಮೊದಲ ವರ್ಷಗಳು ಒಂದರ ಮೇಲೊಂದು ಬಿದ್ದಿವೆ. ಕೈರಾಟೆಯಲ್ಲಿ ನೂಲು ತೆಗೆದು ನಾಲ್ಕು ಕಾಸು ಸಂಪಾದಿಸುತ್ತಿದ್ದ ಹೆಂಗಸರ ದುಡಿಮೆಯನ್ನು ಗಿರಣಿ ನೂಲು ಅದಾಗಲೇ ಕಿತ್ತುಕೊಂಡಿತ್ತು. ಹೊಲದಲ್ಲಿ ಬೆಳೆಯಿಲ್ಲ, ಮನೆಯಲ್ಲಿ ರಾಟೆಗೆ ಕೆಲಸವಿಲ್ಲ ಎಂಬ ಹೊತ್ತಿನಲ್ಲಿ ಎದ್ದ ಗಿರಣಿಗೆ ಆಳುಗಳ ಕೊರತೆ ಆಗಲಿಲ್ಲ. ಮಾದರಿ ಗ್ರಾಮದ ಕಥೆಯಲ್ಲಿ ಒಡೆಯನ ಒಳ್ಳೆಯತನವನ್ನಷ್ಟೇ ಹೇಳಿ ಇದನ್ನು ಬಿಟ್ಟರೆ ಚಿತ್ರ ಅರ್ಧವಾಗುತ್ತದೆ.

ಹೊಲದಿಂದ ಗಿರಣಿ ಬಾಗಿಲವರೆಗೆ

ಲಿನನ್ ನಾರು ಅಗಸೆ ಗಿಡದ ಕಾಂಡದ್ದು. ಧಾರವಾಡ, ಬಾಗಲಕೋಟೆ ಕಡೆ ಹಿಂಡಿಗೂ ಎಣ್ಣೆಗೂ ಬೆಳೆಯುವ ಅಗಸಿಯೂ ಇದೇ ಜಾತಿ. ಆದರೆ ನಮ್ಮದು ಗಿಡ್ಡ, ಕವಲೊಡೆದು ಕಾಯಿ ತುಂಬುವ ತಳಿ. ನಾರಿನ ತಳಿ ಮೂರಡಿ ಎತ್ತರಕ್ಕೆ ನೆಟ್ಟಗೆ ಹೋಗಬೇಕು, ತುದಿಯಲ್ಲಿ ಬಿಟ್ಟರೆ ಎಲ್ಲೂ ಕವಲಿರಬಾರದು. ಅದಕ್ಕಾಗಿ ಬೀಜವನ್ನು ಒತ್ತಾಗಿ ಚೆಲ್ಲುತ್ತಾರೆ. ಎಕರೆಗೆ ಸುಮಾರು 50 ಕಿಲೊ. ತೆಳುವಾಗಿ ಬಿತ್ತಿದರೆ ಗಿಡ ಕವಲೊಡೆಯುತ್ತದೆ, ಕವಲೊಡೆದಲ್ಲೆಲ್ಲ ನಾರು ತುಂಡಾಗುತ್ತದೆ. ಒಂದೇ ಹೊಲದಲ್ಲಿ ವರ್ಷ ವರ್ಷ ಬೆಳೆದರೆ ಮಣ್ಣಿನ ಶಿಲೀಂಧ್ರ ಹೆಚ್ಚಿ ಗಿಡ ಸೊರಗುತ್ತದೆ, ಹಾಗಾಗಿ ಹಲವು ವರ್ಷ ಬೇರೆ ಬೆಳೆ ಹಾಕಿಯೇ ಮತ್ತೆ ಅಗಸೆಗೆ ಬರುತ್ತಿದ್ದರು.

ಏಪ್ರಿಲಿನಲ್ಲಿ ಬಿತ್ತನೆ, ಸುಮಾರು ನೂರು ದಿನಕ್ಕೆ ಕೀಳುವುದು. ಕುಡುಗೋಲು ಹಾಕುವ ಹಾಗಿಲ್ಲ. ಕೊಯ್ದರೆ ಬುಡದ ನಾರು ಹೊಲದಲ್ಲೇ ಉಳಿಯುತ್ತದೆ, ಕೊಯ್ದ ತುದಿಯಿಂದ ಬಣ್ಣವೂ ಕೆಡುತ್ತದೆ. ಕಾಂಡ ಬುಡದಿಂದ ಮೇಲಕ್ಕೆ ಮೂರರಲ್ಲಿ ಎರಡು ಪಾಲು ಹಳದಿಯಾದಾಗ ಬೇರುಸಹಿತ ಕೈಯಲ್ಲಿ ಕೀಳಬೇಕು. ಬೀಜ ಪೂರ್ತಿ ಬಲಿಯುವವರೆಗೆ ಬಿಟ್ಟರೆ ನಾರು ಒರಟಾಗುತ್ತದೆ. ಐರ್ಲೆಂಡಿನ ಬಹುಪಾಲು ರೈತರು ನಾರನ್ನೇ ಆರಿಸಿಕೊಂಡರು, ಬೀಜವನ್ನು ಕೈಬಿಟ್ಟರು. ಅದರ ಫಲವಾಗಿ ಮುಂದಿನ ವರ್ಷದ ಬಿತ್ತನೆಗೆ ಬಾಲ್ಟಿಕ್ ತೀರದಿಂದ, ಹಾಲೆಂಡಿನಿಂದ, ಅದಕ್ಕೂ ಹಿಂದೆ ಅಮೆರಿಕದಿಂದ ಬೀಜ ತರಿಸುವುದು ಕಟ್ಟಿಟ್ಟ ಖರ್ಚಾಯಿತು.

ಕಿತ್ತ ಕಂತೆಗಳು ನೇರವಾಗಿ ಕೊಳೆಗುಂಡಿಗೆ ಹೋಗುತ್ತಿದ್ದವು. ಕೆರೆಯಲ್ಲಿ ಪುಂಡಿ, ಸಣಬು ಕೊಳೆಹಾಕಿ ನಾರು ಬಿಡಿಸಿದವರಿಗೆ ಈ ಕೆಲಸ ಪರಿಚಿತವೇ. ಮೂರೂವರೆಯಿಂದ ನಾಲ್ಕಡಿ ಆಳದ ಉದ್ದನೆಯ ಗುಂಡಿ, ಹರಿಯದೆ ನಿಂತ ಮೆದು ನೀರು. ಕಂತೆಗಳನ್ನು ಬೇರು ಕೆಳಗಾಗಿ ತುಸು ವಾಲಿಸಿ ಒಂದೇ ಪದರದಲ್ಲಿ ನಿಲ್ಲಿಸಿ, ಮೇಲೆ ಹುಲ್ಲುಹೆಂಟೆ ಮುಚ್ಚಿ ಕಲ್ಲು ಹೇರುತ್ತಾರೆ. ಎರಡು ಮೂರು ದಿನಕ್ಕೆ ಒಳಗೆ ಅನಿಲ ಎದ್ದು ಕಂತೆಗಳು ಉಬ್ಬಿ ಮೇಲೇಳುತ್ತವೆ. ಆಗ ಕಲ್ಲು ಹೆಚ್ಚಿಸಬೇಕು. ಉಬ್ಬರ ಇಳಿದ ಮೇಲೆ ಕಲ್ಲು ತೆಗೆಯಬೇಕು, ಇಲ್ಲದಿದ್ದರೆ ಕಂತೆ ತಳದ ಕೆಸರಿಗೆ ಹೂತು ನಾರಿನ ಬಣ್ಣ ಕೆಡುತ್ತದೆ. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ನಾರಿಗೆ ಬಿದ್ದ ಕೆಂಗಂದು ಕಲೆ ಬಿಳುಪಿನಲ್ಲೂ ಸುಲಭಕ್ಕೆ ಹೋಗದು.

ಬೆಚ್ಚಗಿನ ವಾರವಾದರೆ ಏಳೆಂಟು ದಿನ, ಚಳಿ ಹಿಡಿದರೆ ಹದಿನಾಲ್ಕು. ದಿನದ ಲೆಕ್ಕ ನಂಬುವ ಹಾಗಿಲ್ಲ, ಕಾಂಡವನ್ನೇ ಕೇಳಬೇಕು. ಒಂದು ಕಡ್ಡಿಯನ್ನು ತೆಗೆದು ಗೇಣಿನಷ್ಟು ಅಂತರದಲ್ಲಿ ಎರಡು ಕಡೆ ಮುರಿದು ಒಳಗಿನ ಬೆಂಡನ್ನು ಎಳೆದು ನೋಡುತ್ತಾರೆ. ನಾರಿನ ಎಳೆ ಕಿತ್ತು ಬರದೆ ಬೆಂಡು ಸಲೀಸಾಗಿ ಜಾರಿ ಬಂದರೆ ಅಂದೇ ಗುಂಡಿಯಿಂದ ಎತ್ತಬೇಕು. ಒಂದು ದಿನ ಮುಂಚೆ ತೆಗೆದರೆ ನಾರಿಗೆ ಬೆಂಡಿನ ಚೂರು ಅಂಟಿಯೇ ಇರುತ್ತದೆ. ಒಂದು ದಿನ ತಡವಾದರೆ ನಾರನ್ನು ಹಿಡಿದಿಟ್ಟ ಅಂಟೂ ಕರಗಿ ನಾರು ಜಳ್ಳಾಗುತ್ತದೆ. ಇಡೀ ವರ್ಷದ ಬೆಲೆ ನಿರ್ಧಾರವಾಗುತ್ತಿದ್ದದ್ದು ಈ ಎರಡು ದಿನಗಳಲ್ಲಿ. ಗುಂಡಿಗೆ ಸೊಂಟದವರೆಗೆ ಇಳಿದು ನಾರುವ ಕಂತೆ ಎತ್ತುವುದು ಇಡೀ ಸರಣಿಯಲ್ಲೇ ಹೇಸಿಗೆಯ, ಕಷ್ಟದ ಕೆಲಸ. ಖಾಲಿ ಮಾಡಿದ ಗುಂಡಿಯ ನೀರನ್ನು ಹೊಳೆಗೆ ಬಿಟ್ಟರೆ ಮೀನು ಸಾಯುತ್ತಿದ್ದವು. ಆ ಜಗಳ ಲಿನನ್ ನಾಡಿನುದ್ದಕ್ಕೂ ಇತ್ತು.

ಹುಲ್ಲಿನ ಮೇಲೆ ಹರಡಿ ಒಣಗಿಸಿದ ಕಂತೆ ಊರೂರಿನ ಬಡಿಗಿರಣಿಗೆ ಹೋಗುತ್ತಿತ್ತು. ಅಲ್ಲಿ ನೀರಿನ ಚಕ್ರದಿಂದ ಓಡುವ ಉರುಳೆಗಳು ಬೆಂಡನ್ನು ಪುಡಿ ಮಾಡುತ್ತವೆ, ಸುತ್ತುವ ಮರದ ಅಲಗುಗಳು ಅದನ್ನು ಬಡಿದು ಉದುರಿಸುತ್ತವೆ. ಕೆಲಸಗಾರ ಕಂತೆಯ ಒಂದು ತುದಿಯನ್ನು ಕೈಯಲ್ಲಿ ಹಿಡಿದು ಇನ್ನೊಂದು ತುದಿಯನ್ನು ಅಲಗಿಗೆ ಕೊಡಬೇಕು. ಉರುಳೆಗೆ ಕಡ್ಡಿ ಉಣಿಸುವಾಗ ಬೆರಳು, ಕೈ ಕಳೆದುಕೊಂಡವರು ಬಹಳ. ಒಂದು ಎಕರೆಯ ಬೆಳೆಯಿಂದ ಕೊನೆಗೆ ಕೈಗೆ ಬರುತ್ತಿದ್ದ ಶುದ್ಧ ನಾರು ಸುಮಾರು 150ರಿಂದ 220 ಕಿಲೊ.

ಗಿರಣಿಯ ಒಳಗೆ

ಬಂದ ನಾರನ್ನು ಮೊದಲು ಬಾಚುತ್ತಾರೆ. ಉಕ್ಕಿನ ಮುಳ್ಳು ನೆಟ್ಟ ಹಲಗೆಗಳು, ಒರಟಿನಿಂದ ನಯದ ಕಡೆಗೆ ಒಂದಾದ ಮೇಲೊಂದು. ಉದ್ದ ಎಳೆಗಳು ಕೈಯಲ್ಲಿ ಉಳಿಯುತ್ತವೆ, ತುಂಡು ನಾರು ಮುಳ್ಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ತೂಕದಲ್ಲಿ ಸರಿಸುಮಾರು ಅರ್ಧಕ್ಕರ್ಧ ತುಂಡು ನಾರಾಗಿ ಹೋಗುತ್ತಿತ್ತು. ಅದನ್ನು ಬೇರೆಯಾಗಿ ಎಕ್ಕಿ ಒರಟು ನೂಲಿಗೆ ಬಳಸುತ್ತಿದ್ದರು. ಗಿರಣಿಯಲ್ಲಿ ಅತಿ ದೂಳಿನ ಜಾಗ ಇದೇ. ಇಲ್ಲಿ ವರ್ಷಗಟ್ಟಲೆ ಉಸಿರಾಡಿದವರಿಗೆ ಕೆಮ್ಮು, ಉಬ್ಬಸ ಹಿಡಿಯುತ್ತಿತ್ತು. ಅಲ್ಸ್ಟರಿನ (ಐರ್ಲೆಂಡಿನ ಉತ್ತರದ ಪ್ರಾಂತ್ಯದ) ಗಿರಣಿಗಳ ಜನ ಆ ಬೇನೆಯನ್ನು ‘ಪೌಸ್’ ಎಂದು ಕರೆಯುತ್ತಿದ್ದರು.

ಬಾಚಿದ ನಾರಿನ ಹಿಡಿಗಳನ್ನು ಒಂದರ ತುದಿಗೆ ಒಂದು ಸೇರಿಸಿ ಹಾಸಿ ಮುಗಿಯದ ಪಟ್ಟಿ ಮಾಡುತ್ತಾರೆ. ಹಲವು ಪಟ್ಟಿಗಳನ್ನು ಕೂಡಿಸಿ ಎಳೆಯುವುದು, ಮತ್ತೆ ಕೂಡಿಸಿ ಎಳೆಯುವುದು. ಹೀಗೆ ಮಾಡಿದಾಗ ಒಂದರ ದಪ್ಪ ಇನ್ನೊಂದರ ತೆಳುವನ್ನು ಸರಿದೂಗಿಸುತ್ತದೆ. ಕೊನೆಗೆ ಹಗುರ ಹುರಿ ಕೊಟ್ಟು ದಪ್ಪ ಎಳೆ ತೆಗೆಯುತ್ತಾರೆ.

ಇನ್ನು ಮುಂದಿನದು ಲಿನನ್ ಗಿರಣಿಯ ಜೀವಾಳ, ಒದ್ದೆ ನೂಲುವಿಕೆ. ಅಗಸೆಯ ಉದ್ದನೆಯ ನಾರು ನಿಜಕ್ಕೂ ಒಂದೇ ಎಳೆಯಲ್ಲ. ಒಂದು ಇಂಚು, ಒಂದೂಕಾಲು ಇಂಚಿನ ಸಣ್ಣ ಎಳೆಗಳು ಪೆಕ್ಟಿನ್ ಎಂಬ ಅಂಟಿನಿಂದ ಕೂಡಿಕೊಂಡು ಅಷ್ಟುದ್ದ ಕಾಣುತ್ತದೆ. ಒಣಗಿದ್ದಾಗ ಎಳೆದರೆ ಆ ಅಂಟು ಬಿಡದು, ಹಾಗಾಗಿ ಒಣ ನೂಲು ಗೋಣಿ, ಹಡಗಿನ ಪಟದಂಥ ಒರಟು ಬಟ್ಟೆಗೆ ಮಾತ್ರ ಆಗುತ್ತಿತ್ತು. ಪ್ರೆಸ್ಟನ್‌ನ ಜೇಮ್ಸ್ ಕೇ 1825ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಎಳೆ ಬಿಸಿನೀರಿನ ತೊಟ್ಟಿಯ ಮೂಲಕ ಹಾದು ಎಳೆಯುವ ಉರುಳೆಗೆ ಬರುತ್ತದೆ. ಅಂಟು ಮೆದುವಾಗಿ ಸಣ್ಣ ಎಳೆಗಳು ಒಂದರ ಮೇಲೊಂದು ಜಾರುತ್ತವೆ, ಎರಡೂವರೆ ಮೂರು ಇಂಚಿನ ಅಂತರದ ಉರುಳೆಗಳಲ್ಲೇ ಕೂದಲಿನಷ್ಟು ಸಣ್ಣ ನೂಲು ಬರುತ್ತದೆ. ಬೆಸ್‌ಬ್ರುಕ್ ಕಟ್ಟುವ ಹೊತ್ತಿಗೆ ಈ ವಿಧಾನ ಬೆಲ್‌ಫಾಸ್ಟಿನಲ್ಲಿ ಪಳಗಿಯಾಗಿತ್ತು.

ತೊಟ್ಟಿಯ ನೀರು ಸಾಕಷ್ಟು ಕಾಯದಿದ್ದರೆ ಎಳೆ ಜಾರದು, ನೂಲು ಪಟಪಟನೆ ಹರಿಯುತ್ತದೆ. ತೊಟ್ಟಿಯಲ್ಲಿ ಎಳೆ ನಿಂತುಬಿಟ್ಟರೆ ಅಂಟೆಲ್ಲ ತೊಳೆದುಹೋಗಿ ಆ ಜಾಗ ಬಡಕಲಾಗುತ್ತದೆ. ಯಂತ್ರ ನಿಲ್ಲಿಸಿ ಮತ್ತೆ ಹೊರಡಿಸಿದಾಗ ಮೊದಲು ಬರುವ ನೂಲು ಕೆಟ್ಟದ್ದಾಗಿರಲು ಇದೇ ಕಾರಣ. ನೂಲು ತೆಗೆದ ಮೇಲೆ ಲಡಿ ಸುತ್ತಿ ಕೂಡಲೇ ಒಣಗಿಸಬೇಕು, ಒದ್ದೆಯಾಗೇ ರಾಶಿ ಬಿದ್ದರೆ ಬೂಷ್ಟು ಹಿಡಿದು ಮಾಲು ಹಾಳು.

ನೂಲಿನ ನಂಬರ್ ಲೆಕ್ಕ ಹತ್ತಿಯದಕ್ಕಿಂತ ಬೇರೆ. 300 ಗಜಕ್ಕೆ ಒಂದು ‘ಲೀ’. ಒಂದು ಪೌಂಡಿಗೆ ಎಷ್ಟು ಲೀ ತೂಗುತ್ತದೋ ಅದೇ ನಂಬರ್. 40 ನಂಬರ್ ಎಂದರೆ ಪೌಂಡಿಗೆ 12,000 ಗಜ. ಹತ್ತಿಯಲ್ಲಿ ಲಡಿಗೆ 840 ಗಜವಾದ್ದರಿಂದ ಲಿನನ್‌ನ 28 ನಂಬರ್ ನೂಲು ಹತ್ತಿಯ 10 ನಂಬರಿಗೆ ಸಮ. ವ್ಯಾಪಾರ ನಡೆಯುತ್ತಿದ್ದದ್ದು 60,000 ಗಜದ ಕಟ್ಟಿನಲ್ಲಿ; 40 ನಂಬರಿನ ಒಂದು ಕಟ್ಟು 5 ಪೌಂಡ್ ತೂಗಿದರೆ 100 ನಂಬರಿನದು ಎರಡೇ ಪೌಂಡ್.

ನೂಲುವ ಕೋಣೆ ಸದಾ ಹಬೆ. ಕದಿರಿನ ಸುತ್ತ ತಿರುಗುವ ಫ್ಲೈಯರ್ ಎಂಬ ತೋಳು ನೂಲಿನ ನೀರನ್ನು ಎದುರು ನಿಂತವಳ ಎದೆಗೇ ಚಿಮ್ಮಿಸುತ್ತಿತ್ತು. ನೆಲವೆಲ್ಲ ನೀರು, ಆದ್ದರಿಂದ ಹೆಂಗಸರೂ ಹುಡುಗಿಯರೂ ಬರಿಗಾಲಲ್ಲೇ ಕೆಲಸ ಮಾಡುತ್ತಿದ್ದರು. ದಿನವಿಡೀ ಬಿಸಿ ನೀರಲ್ಲಿ ನಿಂತು ಕಾಲಿನ ಹೆಬ್ಬೆರಳ ಉಗುರು ಕೀವು ಕಟ್ಟುವುದು ಈ ಕೆಲಸದ ಗುರುತಿನ ಬೇನೆ. ಆ ಬೆಚ್ಚಗಿನಿಂದ ಒದ್ದೆ ಬಟ್ಟೆಯಲ್ಲೇ ಚಳಿಗಾಳಿಗೆ ಬರುವುದರಿಂದ ಎದೆಯ ರೋಗ. ಬೆಸ್‌ಬ್ರುಕ್‌ನ ಮನೆ ಎಷ್ಟೇ ಒಳ್ಳೆಯದಿದ್ದರೂ ಒದ್ದೆ ನೂಲಿನ ಕೋಣೆ ಬೇರೆ ಕಡೆಯಂತೆಯೇ ಒದ್ದೆಯಾಗಿತ್ತು. ಯಂತ್ರದ ಗುಣವನ್ನು ಒಡೆಯನ ಸದ್ಗುಣ ಬದಲಿಸಲಾರದು.

1844ರ ಬ್ರಿಟಿಷ್ ಕಾರ್ಖಾನೆ ಕಾಯಿದೆಯ ಪ್ರಕಾರ ಎಂಟು ವರ್ಷ ತುಂಬಿದ ಮಕ್ಕಳು ಅರ್ಧ ಹೊತ್ತು ಗಿರಣಿಗೆ ಬರಬಹುದಿತ್ತು: ದಿನಕ್ಕೆ ಆರೂವರೆ ಗಂಟೆ, ಇಲ್ಲವೇ ದಿನ ಬಿಟ್ಟು ದಿನ 10 ಗಂಟೆ. ಉಳಿದ ಹೊತ್ತು ಶಾಲೆ. ತುಂಬಿದ ಕದಿರು ತೆಗೆದು ಖಾಲಿಯದನ್ನು ಹಾಕುವ ಚುರುಕು ಕೆಲಸಕ್ಕೆ ಮಕ್ಕಳೇ ಬೇಕೆಂದು ಗಿರಣಿಗಳು ಹೇಳುತ್ತಿದ್ದವು. ವಯಸ್ಸಿನ ಮಿತಿ 1891ರಲ್ಲಿ 11ಕ್ಕೆ, 1901ರಲ್ಲಿ 12ಕ್ಕೆ ಏರಿತು. ದೊಡ್ಡವರಿಗೆ ವಾರಕ್ಕೆ 60 ಗಂಟೆ, 1874ರ ಕಾಯಿದೆಯ ಮೇಲೆ ಐವತ್ತಾರೂವರೆ.

ನೇಯ್ಗೆಯ ಬಗ್ಗೆ ಒಂದೇ ಮಾತು. ಲಿನನ್ ನೂಲು ಹಿಗ್ಗುವುದಿಲ್ಲ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳಿಗೆ ಗಂಜಿ ಚೆನ್ನಾಗಿ ಹಿಡಿದಿರಬೇಕು, ಮಗ್ಗದ ಕೋಣೆಯಲ್ಲಿ ತೇವ ಇರಬೇಕು. ಗಾಳಿ ಒಣಗಿತೆಂದರೆ ಎಳೆ ಹರಿಯಲು ಶುರು. ಹತ್ತಿಗೆ ಯಂತ್ರಮಗ್ಗ ಬಂದು ದಶಕಗಳಾದರೂ 1850ರಲ್ಲಿ ಇಡೀ ಐರ್ಲೆಂಡಿನ ಲಿನನ್ ಉದ್ಯಮದಲ್ಲಿ ಯಂತ್ರಮಗ್ಗಗಳು ನೂರೂ ಇರಲಿಲ್ಲ. ಕ್ಷಾಮದ ಸಾವು ಮತ್ತು ವಲಸೆಯಿಂದ ಕೈಮಗ್ಗದ ನೇಕಾರರು ಕಡಿಮೆಯಾಗಿ ಕೂಲಿ ಏರಿದ ಮೇಲೆಯೇ ಯಂತ್ರಮಗ್ಗ ಲಾಭಕ್ಕೆ ಬಂದದ್ದು.

ಊರಿನ ಕಟ್ಟುಪಾಡು

ಶಾರ್ಲಮಾಂಟ್ ಚೌಕ, ಕಾಲೇಜ್ ಚೌಕ ಎಂಬ ಎರಡು ಬಯಲುಗಳ ಸುತ್ತ ಮನೆಗಳ ಸಾಲು. ಗ್ರಾನೈಟ್ ಗೋಡೆ, ಸ್ಲೇಟು ಕಲ್ಲಿನ ಮಾಡು, ಮನೆಗೊಂದು ತರಕಾರಿ ತೋಟದ ತುಂಡು. ಶಾಲೆ, ಓದುಮನೆ, ಸಭಾಭವನ, ಅಂಗಡಿ. ಬೇರೆ ಬೇರೆ ಕ್ರೈಸ್ತ ಪಂಗಡಗಳ ಆರಾಧನಾಲಯಗಳು. ಕ್ವೇಕರರದು ಡೆರಿಮೋರ್ ಎಂಬ ಹಳೆಯ ಮನೆಯ ಆವರಣದಲ್ಲಿ. ಒಡೆಯ ಕ್ವೇಕರ್ ಆಗಿದ್ದರೂ ಕೆಲಸಗಾರರಲ್ಲಿ ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಇದ್ದರು.

ಬೆಸ್‌ಬ್ರುಕ್ ಹೆಸರಾದದ್ದು ಅಲ್ಲಿ ಇಲ್ಲದ ಮೂರರಿಂದ: ಹೆಂಡದಂಗಡಿ, ಗಿರವಿ ಅಂಗಡಿ, ಪೊಲೀಸ್ ಠಾಣೆ. ಮೊದಲ ಎರಡಿಲ್ಲದಿದ್ದರೆ ಮೂರನೆಯದರ ಅಗತ್ಯವೇ ಬೀಳದು ಎಂಬುದು ರಿಚರ್ಡ್‌ಸನ್‌ನ ನಂಬಿಕೆ. ಇದು ಬರೀ ಉಪದೇಶದಿಂದ ಆದದ್ದಲ್ಲ. ನೆಲವೆಲ್ಲ ಅವನದು, ಗುತ್ತಿಗೆ ಪತ್ರ ಬರೆಯುವವನೂ ಅವನೇ. ಹೆಂಡ ಮಾರಲು ಯಾರಿಗೂ ಜಾಗ ಸಿಗಲಿಲ್ಲ. ಹೆಂಡಕ್ಕೆ ಹೋಗದ ವಾರದ ಕೂಲಿ ಮನೆಗೆ ಬಂತು ಎಂಬುದು ನಿಜ, ಅದರ ಲಾಭ ಹೆಂಗಸರಿಗೂ ಮಕ್ಕಳಿಗೂ ಸಿಕ್ಕಿತು ಎಂಬುದೂ ನಿಜ. ಜೊತೆಗೆ, ಕೂಲಿ ಕೊಡುವವನೇ ಮನೆಯ ಒಡೆಯನೂ ಆದ ಊರಿನಲ್ಲಿ ಕೆಲಸದ ಮೇಲೆ ಜಗಳ ತೆಗೆಯುವ ಮೊದಲು ಸೂರಿನ ಬಗ್ಗೆ ಯೋಚಿಸಬೇಕು. ಇಂಥ ಊರುಗಳಿಗೆಲ್ಲ ಹುಟ್ಟಿನಿಂದ ಅಂಟಿದ ಕೊರತೆ ಇದು, ಒಡೆಯ ದಯಾಳುವಾದರೂ ಅಷ್ಟೇ.

ಕಾರ್ಖಾನೆ ಊರುಗಳ ಇತಿಹಾಸದಲ್ಲಿ ಇದರ ಸ್ಥಾನ ಗಟ್ಟಿಯದು. ಸ್ಕಾಟ್ಲೆಂಡಿನ ನ್ಯೂ ಲನಾರ್ಕ್, ಐರ್ಲೆಂಡಿನ ವಾಟರ್‌ಫರ್ಡ್ ಜಿಲ್ಲೆಯಲ್ಲಿ ಇನ್ನೊಂದು ಕ್ವೇಕರ್ ಮನೆತನ ಕಟ್ಟಿದ ಪೋರ್ಟ್‌ಲಾ ಇದಕ್ಕಿಂತ ಹಿಂದಿನವು. ಆದರೆ ಯಾರ್ಕ್‌ಷೈರಿನ ಸಾಲ್ಟೇರ್ 1850ರ ದಶಕದ್ದು, ಕ್ಯಾಡ್ಬರಿಯವರ ಬೋರ್ನ್‌ವಿಲ್ ಅದಕ್ಕೂ ಬಹಳ ಈಚಿನದು.

ಯುದ್ಧದ ಲಾಭ, ಯುದ್ಧದ ವಿರೋಧ

ರಿಚರ್ಡ್‌ಸನ್ ಸಹೋದರರಿಗೆ ಹಡಗಿನ ವ್ಯಾಪಾರವೂ ಇತ್ತು. ವಿಲಿಯಂ ಇನ್ಮನ್ ಜೊತೆ ಪಾಲುದಾರರಾಗಿ 1850ರಲ್ಲಿ ಲಿವರ್‌ಪೂಲಿನಿಂದ ಫಿಲಡೆಲ್ಫಿಯಾಕ್ಕೆ ಉಗಿಹಡಗು ಹೊರಡಿಸಿದ್ದರು. ಕ್ರಿಮಿಯಾ ಯುದ್ಧಕ್ಕೆ ಫ್ರೆಂಚರು ಹಡಗು ಬಾಡಿಗೆಗೆ ಕೇಳಿದಾಗ ಕ್ವೇಕರರಾದ ಇವರು ಒಪ್ಪದೆ ಹೊರಬಂದರು. ಆ ಸಂಸ್ಥೆ ಮುಂದೆ ಇನ್ಮನ್ ಲೈನ್ ಎಂದು ದೊಡ್ಡದಾಯಿತು. ನಷ್ಟ ಚಿಕ್ಕದೇನಲ್ಲ. ಜಾನ್ ಗ್ರಬ್‌ನ ಗಮನ ಬೆಸ್‌ಬ್ರುಕ್ ಮೇಲೆ ನೆಟ್ಟಿತು, 1863ರಲ್ಲಿ ಗಿರಣಿ ಪೂರ್ತಿ ಅವನ ಕೈಗೆ ಬಂತು.

ಆ ಹೊತ್ತಿಗೆ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಹತ್ತಿ ಗಿರಣಿಗಳ ಸೀಮೆಯಾದ ಲ್ಯಾಂಕಷೈರಿಗೆ ಹತ್ತಿ ಬರುವುದು ನಿಂತು ಲಿನನ್‌ಗೆ ಸುಗ್ಗಿ ಬಂದಿತ್ತು. 1864ರಲ್ಲಿ ಐರ್ಲೆಂಡಿನಲ್ಲಿ ಅಗಸೆ 3 ಲಕ್ಷ ಎಕರೆಗೆ ಹಬ್ಬಿತು, ಅದಕ್ಕಿಂತ ಹೆಚ್ಚು ಮತ್ತೆಂದೂ ಬೆಳೆಯಲಿಲ್ಲ. ಹತ್ತಿ ವಾಪಸು ಬಂದಾಗ ಬೆಲೆ ಕುಸಿದು ರೈತರು ಅಗಸೆ ಬಿಡತೊಡಗಿದರು. ಗಿರಣಿಗಳು ರಷ್ಯಾದ ಅಗ್ಗದ ನಾರಿಗೂ ಬೆಲ್ಜಿಯಂನ ಉತ್ತಮ ನಾರಿಗೂ ಹೆಚ್ಚುಹೆಚ್ಚು ತಿರುಗಿದವು. ಸುತ್ತಲಿನ ಹೊಲದ ಅಗಸೆಗಾಗಿ ಆರಿಸಿದ ಜಾಗ ಹೀಗೆ ಬಂದರಿನ ಕಡೆ ಮುಖ ಮಾಡಬೇಕಾಯಿತು. ನ್ಯೂರಿಯಿಂದ ಕಲ್ಲಿದ್ದಲು, ನಾರು ಏರುದಾರಿಯಲ್ಲಿ ಕುದುರೆ ಗಾಡಿ ಮೇಲೆ ಬರುತ್ತಿತ್ತು, ಬಟ್ಟೆ ಅದೇ ದಾರಿಯಲ್ಲಿ ಇಳಿಯುತ್ತಿತ್ತು.

ಹೊಳೆಯ ಕರೆಂಟಿನ ಟ್ರಾಮ್

ಗಾಡಿ ಕೂಲಿಯ ಈ ಕಷ್ಟಕ್ಕೆ ಊರು ಕಂಡುಕೊಂಡ ಪರಿಹಾರ ನಮಗೆ ಇಡೀ ಪ್ರಕರಣದಲ್ಲಿ ಅತ್ಯಂತ ಮೆಚ್ಚಿನದು. 1885ರ ಅಕ್ಟೋಬರಿನಲ್ಲಿ ಬೆಸ್‌ಬ್ರುಕ್‌ನಿಂದ ನ್ಯೂರಿಗೆ 3 ಮೈಲಿಯ ವಿದ್ಯುತ್ ಟ್ರಾಮ್ ಹೊರಟಿತು. ಜಲವಿದ್ಯುತ್ತಿನಿಂದ ಓಡಿದ ಲೋಕದ ಮೊದಮೊದಲ ಮಾರ್ಗಗಳಲ್ಲಿ ಇದೊಂದು. ಉತ್ತರ ಕರಾವಳಿಯ ಪೋರ್ಟ್‌ರಷ್ ಮಾರ್ಗ ಎರಡು ವರ್ಷ ಹಿರಿಯದು. ಎಂಜಿನಿಯರ್ ಎಡ್ವರ್ಡ್ ಹಾಪ್ಕಿನ್ಸನ್. ಹಳಿಗಳ ಅಗಲ 3 ಅಡಿ, ಅತಿ ಕಡಿದಾದ ಏರು 50ಕ್ಕೆ 1.

ಮಾರ್ಗದ ನಡುವೆ ಮಿಲ್‌ವೇಲ್‌ನಲ್ಲಿ ಕ್ಯಾಮ್ಲಾಕ್ ಹೊಳೆಗೆ ಸುಮಾರು 60 ಅಶ್ವಶಕ್ತಿಯ ಟರ್ಬೈನ್ ಕೂರಿಸಿ ಎರಡು ಡೈನಮೊ ಓಡಿಸಿದರು. ಸುಮಾರು 250 ವೋಲ್ಟಿನ ಏಕಮುಖ ವಿದ್ಯುತ್ತು ಎರಡು ಹಳಿಗಳ ನಡುವೆ ಮರದ ದಿಮ್ಮಿಗಳ ಮೇಲೆ ಹಾಕಿದ ಉಕ್ಕಿನ ಪಟ್ಟಿಯಲ್ಲಿ ಹರಿಯುತ್ತಿತ್ತು. ಹೊಲದ ಅಂಚಿನಲ್ಲಿ ಹೋಗುವಷ್ಟು ದೂರ ಇದು ಸರಿ. ಆದರೆ ದಾರಿ ಒಂದು ಕಡೆ ರಸ್ತೆಯನ್ನು ಓರೆಯಾಗಿ ದಾಟಬೇಕಿತ್ತು. ಜನ, ದನ ನಡೆಯುವಲ್ಲಿ ವಿದ್ಯುತ್ತಿನ ಪಟ್ಟಿಯನ್ನು ತೆರೆದಿಡುವ ಹಾಗಿಲ್ಲ. ಅಷ್ಟು ಜಾಗಕ್ಕೆ ಮಾತ್ರ ತಂತಿಯನ್ನು ಮೇಲೆ ಕಟ್ಟಿ, ಬಂಡಿಯ ಮಾಡಿನ ಮೇಲೆ ತಂತಿಗೆ ಉಜ್ಜುವ ಅಡ್ಡಸರಳು ಇಟ್ಟರು. ಮುಂದೆ ಟ್ರಾಮ್‌ಗಳಲ್ಲಿ ಸಾಮಾನ್ಯವಾದ ಬಿಲ್ಲಿನಾಕಾರದ ಕರೆಂಟುಗ್ರಾಹಕದ ಪೂರ್ವಜ ಇದು.

ಸರಕು ಬಂಡಿಗಳ ಉಪಾಯ ಇದಕ್ಕಿಂತ ಜಾಣತನದ್ದು. ಬಂದರಿನಲ್ಲಿ ಬಂಡಿಗೆ ತುಂಬಿದ ಕಲ್ಲಿದ್ದಲನ್ನು ನಿಲ್ದಾಣದಲ್ಲಿ ಇಳಿಸಿ ಮತ್ತೆ ಹೇರಿದರೆ ಉಳಿಸಿದ ಕೂಲಿ ಅಲ್ಲೇ ಹೋಗುತ್ತದೆ. ಹಾಗಾಗಿ ಬಂಡಿಯ ಗಾಲಿಗಳಿಗೆ ಅಂಚುಪಟ್ಟಿಯನ್ನೇ ಇಡಲಿಲ್ಲ. ಮುಖ್ಯ ಹಳಿಯ ಹೊರಬದಿಗೆ ತುಸು ತಗ್ಗಿನಲ್ಲಿ ಇನ್ನೊಂದು ಹಗುರ ಹಳಿ ಹಾಕಿದರು. ಅಂಚಿಲ್ಲದ ಗಾಲಿ ಆ ತಗ್ಗು ಹಳಿಯ ಮೇಲೆ ಓಡುವಾಗ ಪಕ್ಕದ ಎತ್ತರದ ಹಳಿಯೇ ಅದನ್ನು ದಾರಿ ತಪ್ಪದಂತೆ ತಡೆಯುತ್ತದೆ. ಟ್ರಾಮ್ ದಾರಿ ಮುಗಿದಲ್ಲಿ ಅದೇ ಬಂಡಿಗೆ ಮೂಕಿ ಸಿಕ್ಕಿಸಿ ಕುದುರೆ ಕಟ್ಟಿದರೆ ರಸ್ತೆಯ ಮೇಲೆ ಗಾಡಿ. ಮುಂದಿನ ಗಾಲಿಗಳು ರಸ್ತೆಯಲ್ಲಿ ತಿರುಗಬೇಕು, ಹಳಿಯಲ್ಲಿ ತಿರುಗಬಾರದು. ಅದಕ್ಕೊಂದು ಬಿಗಿಮೊಳೆ ಇತ್ತು.

ಮಾರ್ಗದ ದಾರಿಯಲ್ಲೇ ಡಬ್ಲಿನ್ ಬೆಲ್‌ಫಾಸ್ಟ್ ರೈಲಿನ ಕ್ರೇಗ್‌ಮೋರ್ ಸೇತುವೆ ನಿಂತಿದೆ: 18 ಕಮಾನು, ಅತಿ ಎತ್ತರದಲ್ಲಿ 126 ಅಡಿ, ಜಾನ್ ಮ್ಯಾಕ್‌ನೀಲ್ ವಿನ್ಯಾಸ, 1852ರದು. ಅದರ ಕಲ್ಲೂ ಇದೇ ಸೀಮೆಯ ಗ್ರಾನೈಟ್. ಟ್ರಾಮ್ 1948ರ ಜನವರಿಯವರೆಗೆ ಓಡಿತು. ಅದನ್ನು ನಿಲ್ಲಿಸಿದ್ದು ಬಸ್ಸು ಮತ್ತು ಲಾರಿ. ಅರವತ್ತಕ್ಕೂ ಹೆಚ್ಚು ವರ್ಷ ಹೊಳೆಯ ನೀರು ಅದನ್ನು ಎಳೆದಿತ್ತು.

ಕುಸಿತ

ಜಾನ್ ಗ್ರಬ್ 1890ರಲ್ಲಿ ತೀರಿಕೊಂಡ. ಗ್ಲ್ಯಾಡ್‌ಸ್ಟನ್ ಸರ್ಕಾರ ಕೊಡಲು ಬಂದ ಬ್ಯಾರನೆಟ್ ಎಂಬ ಬ್ರಿಟಿಷ್ ಗೌರವ ಪದವಿಯನ್ನು ಅವನು ಬೇಡವೆಂದಿದ್ದ. ಮಗ ಜೇಮ್ಸ್ ನಿಕಲ್ಸನ್ ರಿಚರ್ಡ್‌ಸನ್ 1880ರಿಂದ 1885ರವರೆಗೆ ಅರ್ಮಾದ ಸಂಸದನಾಗಿದ್ದವನು, ಗಿರಣಿಯನ್ನೂ ನೋಡಿಕೊಂಡ.

ಮೊದಲ ಮಹಾಯುದ್ಧದಲ್ಲಿ ವಿಮಾನದ ರೆಕ್ಕೆಗೆ ಹೊದಿಸಲು ಲಿನನ್ ಬೇಕಾಯಿತು. ಮೆರುಗೆಣ್ಣೆಯಂಥ ಲೇಪ ಬಳಿದಾಗ ಬಿಗಿಯುವ, ಹಗುರವಾಗಿಯೂ ಹರಿಯದ ಬಟ್ಟೆ ಅದು. ಅದೇ ಹೊತ್ತಿಗೆ ಯುದ್ಧ ಮತ್ತು ಕ್ರಾಂತಿಯಿಂದ ರಷ್ಯಾದ ನಾರು ನಿಂತಿತು. ಶಾಂತಿ ಬಂದ ಮೇಲೆ ಬೇಡಿಕೆ ಇಳಿಯಿತು. ಮೇಜಿಗೆ ಹಾಸುವ ದೊಡ್ಡ ಬಿಳಿ ಬಟ್ಟೆ, ದಿನಕ್ಕೊಂದು ಲಿನನ್ ಕಾಲರ್, ಕರವಸ್ತ್ರ, ಇವೆಲ್ಲ ಒಗೆದು ಇಸ್ತ್ರಿ ಮಾಡುವ ಆಳುಗಳಿದ್ದ ಮನೆಗಳ ವಸ್ತು. ಆಳುಗಳು ಹೋದಂತೆ ಅವೂ ಹೋದವು. ಎರಡನೇ ಮಹಾಯುದ್ಧದಲ್ಲಿ ಬೆಲ್ಜಿಯಂ ಜರ್ಮನಿಯ ಕೈಗೆ ಹೋದಾಗ ಉತ್ತರ ಐರ್ಲೆಂಡಿನಲ್ಲಿ ಅಗಸೆ ಒಮ್ಮೆ ಚಿಗುರಿತು. 1950ರ ದಶಕ ಮುಗಿಯುವುದರೊಳಗೆ ಆ ಬೆಳೆಯೂ ಹೊಲಗಳಿಂದ ಹೆಚ್ಚುಕಡಿಮೆ ಮಾಯವಾಯಿತು. ನೈಲಾನ್, ಪಾಲಿಯೆಸ್ಟರ್ ಎದುರು ಇಷ್ಟು ಹಂತ, ಇಷ್ಟು ಕೈ ಬೇಡುವ ನಾರು ನಿಲ್ಲಲಿಲ್ಲ. 1972ರಲ್ಲಿ ಗಿರಣಿ ಮುಚ್ಚಿತು.

ಮುಚ್ಚಿದ ಕಾಲವೂ ಕೆಟ್ಟದ್ದು. ಬ್ರಿಟನ್ ಜೊತೆಗೋ ಐರ್ಲೆಂಡ್ ಗಣರಾಜ್ಯದ ಜೊತೆಗೋ ಎಂಬ ಜಗಳದಲ್ಲಿ ಉತ್ತರ ಐರ್ಲೆಂಡಿನ ಹಿಂಸಾಚಾರ ಉಲ್ಬಣಿಸಿತ್ತು, ಆ ಗಣರಾಜ್ಯದ ಗಡಿ ಹತ್ತಿರವಿತ್ತು. ಗುಂಡು ತೂರದ ಗ್ರಾನೈಟ್ ಗೋಡೆಯ ಖಾಲಿ ಗಿರಣಿಯನ್ನು ಬ್ರಿಟಿಷ್ ಸೇನೆ ನೆಲೆ ಮಾಡಿಕೊಂಡಿತು. ದಕ್ಷಿಣ ಅರ್ಮಾದ ರಸ್ತೆಗಳಲ್ಲಿ ಬಾಂಬಿನ ಭಯವಿದ್ದುದರಿಂದ ಸೈನಿಕರೂ ಸಾಮಗ್ರಿಯೂ ಆಕಾಶದಲ್ಲೇ ಓಡಾಡಬೇಕಾಗಿ, ಬೆಸ್‌ಬ್ರುಕ್‌ನ ಹೆಲಿಕಾಪ್ಟರ್ ತಾಣ ಯೂರೋಪಿನಲ್ಲೇ ಅತಿ ಹೆಚ್ಚು ಸಂಚಾರದ್ದು ಎನ್ನಿಸಿಕೊಂಡಿತು. ಠಾಣೆಯೇ ಬೇಡವೆಂದ ಶಾಂತಿವಾದಿಯ ಊರಿಗೆ ಮೂರೂವರೆ ದಶಕ ಹೀಗೆ ಕಳೆಯಬೇಕಾಯಿತು. ಸೇನೆ 2007ರಲ್ಲಿ ತೆರವು ಮಾಡಿತು.

ಗಿರಣಿ ಮುಚ್ಚಿದ್ದರ ಇನ್ನೊಂದು ಪರಿಣಾಮವನ್ನು ಎಚ್ಚರದಿಂದ ಬರೆಯಬೇಕು. ನಡೆದು ಕೆಲಸಕ್ಕೆ ಹೋಗುವ ಊರಾಗಿ ಇದನ್ನು ಕಟ್ಟಿದ್ದರು. 1976ರಲ್ಲಿ ಬೆಸ್‌ಬ್ರುಕ್‌ನ ಜವಳಿ ಕೆಲಸಗಾರರು ಗ್ಲೆನಾನ್‌ನ ಕಾರ್ಖಾನೆಗೆ ವ್ಯಾನಿನಲ್ಲಿ ಹೋಗಿಬರುತ್ತಿದ್ದರು. ಜನವರಿ 5ರ ಸಂಜೆ ಮನೆಗೆ ಮರಳುವಾಗ ಕಿಂಗ್ಸ್‌ಮಿಲ್ ಬಳಿ ಬಂದೂಕುಧಾರಿಗಳು ವ್ಯಾನನ್ನು ತಡೆದು, ಒಬ್ಬನೇ ಕ್ಯಾಥೊಲಿಕ್ ಕೆಲಸಗಾರನನ್ನು ಬೇರ್ಪಡಿಸಿ ಕಳಿಸಿ, ಉಳಿದ 11 ಪ್ರಾಟೆಸ್ಟಂಟರ ಮೇಲೆ ಗುಂಡು ಹಾರಿಸಿದರು. 10 ಜನ ಸತ್ತರು, ಒಬ್ಬ ಬದುಕುಳಿದ. ಹಿಂದಿನ ದಿನ ಎರಡು ಕ್ಯಾಥೊಲಿಕ್ ಕುಟುಂಬಗಳ ಮನೆಗಳಲ್ಲಿ ಕೊಲೆಗಳಾಗಿದ್ದವು. ಎರಡೂ ಪಂಗಡದವರು ಒಂದೇ ಪಾಳಿಯಲ್ಲಿ ದುಡಿದು ಒಂದೇ ವ್ಯಾನಿನಲ್ಲಿ ಬರುತ್ತಿದ್ದರು ಎಂಬುದು ನೆನಪಿಡಬೇಕಾದ ಸಂಗತಿ. ಗಿರಣಿ ಕೆಲಸ ಕಲಿಸಿದ್ದ ಆ ಒಡನಾಟ ಅಂದಿನವರೆಗೂ ಉಳಿದಿತ್ತು.

ಈಗ ನೋಡಲು ಏನಿದೆ

ಎರಡು ಚೌಕಗಳ ಮನೆಗಳಲ್ಲಿ ಇಂದಿಗೂ ಜನ ವಾಸವಿದ್ದಾರೆ. ಗಿರಣಿಗಾಗಿ ಕಟ್ಟಿದ್ದರಲ್ಲಿ ಗಿರಣಿಯ ಹಂಗಿಲ್ಲದೆ ಬದುಕಿದ ಭಾಗ ಇದೇ. ನ್ಯೂರಿಯ ಈಗಿನ ರೈಲು ನಿಲ್ದಾಣ 1984ರಲ್ಲಿ ಕ್ರೇಗ್‌ಮೋರ್ ಸೇತುವೆಯ ಹತ್ತಿರವೇ ತೆರೆದದ್ದರಿಂದ ದೂರದ ಕೆಲಸಕ್ಕೂ ದಾರಿಯಾಯಿತು. ಟ್ರಾಮಿನ 2ನೇ ನಂಬರ್ ಬಂಡಿ ಬೆಲ್‌ಫಾಸ್ಟ್ ಹತ್ತಿರದ ಕಲ್ಟ್ರಾದ ಅಲ್ಸ್ಟರ್ ಸಾರಿಗೆ ವಸ್ತುಸಂಗ್ರಹದಲ್ಲಿದೆ. ಐಸಾಕ್ ಕಾರಿ 18ನೇ ಶತಮಾನದಲ್ಲಿ ಕಟ್ಟಿಸಿದ, ಆಮೇಲೆ ರಿಚರ್ಡ್‌ಸನ್‌ರ ಪಾಲಿಗೆ ಬಂದ ಹುಲ್ಲು ಮಾಡಿನ ಡೆರಿಮೋರ್ ಮನೆ 1953ರಿಂದ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಯಲ್ಲಿದೆ.

ಗಿರಣಿ ಕಟ್ಟಡಕ್ಕೆ ಹೊಸ ಬಳಕೆ ಹುಡುಕುವುದು ಇವಕ್ಕಿಂತ ಕಷ್ಟ. ಯಂತ್ರಗಳ ಸಾಲಿಗೆಂದು ಉದ್ದುದ್ದ ಕಟ್ಟಿದ ಅಟ್ಟಗಳು, ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ಸೇನೆಯ ಕಾಲದ ಬದಲಾವಣೆಗಳು; ಮನೆಗಳಾಗಿ ಒಡೆದರೆ ನಡುವಿನ ಕೋಣೆಗಳಿಗೆ ಬೆಳಕು ಬಾರದು.

ಯಾರೂ ಕಾಪಾಡದೆ ಹೋಗುತ್ತಿರುವುದು ಸುತ್ತಲಿನ ಹೊಲಗಳ ಕೊಳೆಗುಂಡಿಗಳು. ಹಳ್ಳದ ಪಕ್ಕ, ಹೊಲದ ತಗ್ಗು ಮೂಲೆಯಲ್ಲಿ, ಉದ್ದವಾಗಿ ಕಿರಿದಾಗಿ, ಸಹಜ ಹೊಂಡಕ್ಕಿರದ ನೇರ ಅಂಚಿನ ಜೌಗು ಕಂಡರೆ ಅದು ಬಹುತೇಕ ಅಗಸೆಯ ಗುಂಡಿಯೇ. ಒಂದು ತುದಿಯಲ್ಲಿ ನೀರು ಬಿಡುವ ತೂಬಿನ ಕಲ್ಲು, ದಂಡೆಯಲ್ಲಿ ಎರಡು ಕೈಯಲ್ಲಿ ಎತ್ತಬಹುದಾದ ಗಾತ್ರದ ಕಲ್ಲುಗಳ ರಾಶಿ ಇದ್ದರೆ ಅನುಮಾನ ಬೇಡ. ಟ್ರ್ಯಾಕ್ಟರಿಗೆ ಅಡ್ಡಿಯೆಂದು ಇವನ್ನು ಮುಚ್ಚುವ ಮೊದಲು ಅಳೆದು ನಕ್ಷೆಗೆ ಹಾಕಿಕೊಳ್ಳುವ ಕೆಲಸ ಊರಿನ ಇತಿಹಾಸ ಬಲ್ಲವರಿಂದಲೇ ಆಗಬೇಕು.